ನಕ್ಷೆಯಲ್ಲಿ ಹಸಿರು ಗೆರೆ ಬಂತು, ಪಾರ್ಕ್ ಯಾವಾಗ?

ಬೆಳೆಯುತ್ತಿರುವ ಸಣ್ಣ ನಗರಗಳಿಂದ ಒಂದು ಬಗೆಯ ಸುದ್ದಿ ಪದೇ ಪದೇ ಬರುತ್ತದೆ. ‘ಪಾರ್ಕ್ ಮತ್ತು ನಡಿಗೆ ದಾರಿಗಳ ಯೋಜನೆಗೆ ಒಪ್ಪಿಗೆ’ ಎಂಬ ತಲೆಬರಹ. ಜೊತೆಗೊಂದು ನಕ್ಷೆ. ಅದರಲ್ಲಿ ಹಳ್ಳದ ಗುಂಟ ಉದ್ದನೆಯ ಹಸಿರು ಗೆರೆ, ಅಲ್ಲಲ್ಲಿ ಹಸಿರು ಚೌಕ. ಓದಿದವರಿಗೆ ಖುಷಿಗಿಂತ ಗೊಂದಲವೇ ಜಾಸ್ತಿ. ಗೆರೆ ನಮ್ಮ ಜಮೀನಿನ ಮೇಲೆ ಹೋಗಿದೆ, ಹಾಗಾದರೆ ಜಮೀನು ಕೈಬಿಟ್ಟಿತಾ? ಒಪ್ಪಿಗೆ ಸಿಕ್ಕಿ ಎರಡು ವರ್ಷವಾದರೂ ಒಂದು ಗಿಡವೂ ಯಾಕೆ ಬಂದಿಲ್ಲ? ಚರಂಡಿಗೇ ದುಡ್ಡಿಲ್ಲ ಅನ್ನುವ ಆಡಳಿತಕ್ಕೆ ಪಾರ್ಕಿಗೆ ದುಡ್ಡು ಎಲ್ಲಿಂದ ಬರುತ್ತದೆ?

ಮೂರೂ ನ್ಯಾಯವಾದ ಪ್ರಶ್ನೆಗಳೇ. ಈ ಗೊಂದಲಕ್ಕೆ ಮುಖ್ಯ ಕಾರಣ, ಮೂರು ಬೇರೆ ಬೇರೆ ಸಂಗತಿಗಳನ್ನು ಸುದ್ದಿ ಒಂದೇ ಮಾತಿನಲ್ಲಿ ಹೇಳಿಬಿಡುವುದು. ಯೋಜನೆ ಒಂದು, ಜಾಗ ಇನ್ನೊಂದು, ಕಾಮಗಾರಿ ಮತ್ತೊಂದು.

ಗೆರೆ ಎಳೆದರೆ ಜಮೀನು ಹೋಗುತ್ತದೆಯೇ?

ಯೋಜನೆ ಅಂದರೆ ಊರು ತನ್ನ ಉದ್ದೇಶವನ್ನು ಕಾಗದದ ಮೇಲೆ ಬರೆದಿಡುವುದು. ಮುಂದಿನ 20 ವರ್ಷಗಳಲ್ಲಿ ಎಲ್ಲೆಲ್ಲಿ ಪಾರ್ಕ್ ಬೇಕು, ಯಾವ ದಾರಿ ಯಾವುದಕ್ಕೆ ಸೇರಬೇಕು ಎಂಬುದನ್ನು ಅದು ಹೇಳುತ್ತದೆ. ಸಾಮಾನ್ಯವಾಗಿ ಯೋಜನೆಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಜಮೀನಿನ ಒಡೆತನ ಬದಲಾಗುವುದಿಲ್ಲ. ಜಾಗ ಬೇಕಾದರೆ ಕೊಳ್ಳಬೇಕು, ಇಲ್ಲವೇ ಕಾನೂನು ಪ್ರಕಾರ ಪರಿಹಾರ ಕೊಟ್ಟು ಪಡೆಯಬೇಕು. ಅಥವಾ ಹೊಸ ಬಡಾವಣೆ ಮಾಡುವವರು ತಮ್ಮ ಪಾಲಿನ ಜಾಗ ಬಿಟ್ಟುಕೊಡಬೇಕು. ಇನ್ನೊಂದು ದಾರಿಯೂ ಇದೆ. ಜಮೀನು ಮಾಲೀಕರ ಬಳಿಯೇ ಇರುತ್ತದೆ, ಅದರ ಅಂಚಿನಲ್ಲಿ ಜನ ನಡೆದಾಡುವ ಹಕ್ಕನ್ನು ಮಾತ್ರ ಊರು ಬರೆಸಿಕೊಳ್ಳುತ್ತದೆ.

ಹಾಗಂತ ಗೆರೆಗೆ ಬೆಲೆಯೇ ಇಲ್ಲ ಅಂತಲ್ಲ. ನಾಳೆ ಆ ಜಮೀನಿನಲ್ಲಿ ಬಡಾವಣೆಗೆ ಅರ್ಜಿ ಬಂದಾಗ ‘ಹಳ್ಳದ ಅಂಚಿನ ಪಟ್ಟಿ ಬಿಡಿ’ ಎಂದು ಕೇಳಲು ಊರಿಗೆ ಆಧಾರ ಸಿಗುವುದೇ ಆ ಗೆರೆಯಿಂದ. ಗೆರೆ ಇಲ್ಲದಿದ್ದರೆ ಕೇಳುವುದು ಅಧಿಕಾರಿಯ ಮರ್ಜಿ, ಕೊಡುವುದು ಮಾಲೀಕರ ಮರ್ಜಿ.

ಮಾಲೀಕರ ಭಯಕ್ಕೂ ಅರ್ಥವಿದೆ. ಪಾರ್ಕಿಗೆ ಎಂದು ಗುರುತಾದ ಜಮೀನನ್ನು ಕೊಳ್ಳಲು ಜನ ಹಿಂಜರಿಯುತ್ತಾರೆ, ಸಾಲ ಸಿಗುವುದೂ ಕಷ್ಟವಾಗುತ್ತದೆ. ಆಡಳಿತ ಕೊಳ್ಳುವುದೂ ಇಲ್ಲ, ಬಿಡುವುದೂ ಇಲ್ಲ. ಹೀಗೆ ಹತ್ತು ವರ್ಷ ತೂಗಾಡಿದರೆ ಅದು ಆ ಕುಟುಂಬಕ್ಕೆ ನಿಜವಾದ ನಷ್ಟ. ಆದ್ದರಿಂದ ಒಳ್ಳೆಯ ಯೋಜನೆಯಲ್ಲಿ ಗೆರೆಯ ಜೊತೆ ಒಂದು ಗಡುವೂ ಇರಬೇಕು. ಇಷ್ಟು ವರ್ಷದೊಳಗೆ ಜಾಗ ಪಡೆಯುತ್ತೇವೆ, ಇಲ್ಲದಿದ್ದರೆ ಮೀಸಲು ತೆಗೆಯುತ್ತೇವೆ ಎಂದು ಬರೆದಿರಬೇಕು. ಈ ಸಾಲು ಇಲ್ಲದ ಕಡೆ ಜನರ ಸಿಟ್ಟು ಪಾರ್ಕಿನ ಮೇಲೇ ತಿರುಗುತ್ತದೆ.

ಈಗಲೇ ಯಾಕೆ ಅವಸರ?

ಒಂದು ಸಣ್ಣ ಲೆಕ್ಕ ನೋಡೋಣ. ಊರಿನಲ್ಲಿ 50 ಸಾವಿರ ಜನ, 50 ಹೆಕ್ಟೇರ್ ಪಾರ್ಕ್ ಇದೆ ಎಂದುಕೊಳ್ಳಿ. ತಲೆಗೆ 10 ಚದರ ಮೀಟರ್ ಆಯಿತು. ಜನಸಂಖ್ಯೆ ಒಂದು ಲಕ್ಷವಾಗುವ ಹೊತ್ತಿಗೆ ಆಡಳಿತ ಏನೂ ಮಾಡದೆ ಸುಮ್ನೆ ಕೂತಿದ್ದರೆ ಅದು 5 ಚದರ ಮೀಟರಿಗೆ ಇಳಿಯುತ್ತದೆ. ಯಾರೂ ಪಾರ್ಕನ್ನು ಕಬಳಿಸಿಲ್ಲ, ಒಂದು ಮರವನ್ನೂ ಕಡಿದಿಲ್ಲ. ಆದರೂ ಅರ್ಧ ಪಾಲು ಹೋಯಿತು. ಬೆಳೆಯುವ ಊರಿನಲ್ಲಿ ಇದ್ದಲ್ಲೇ ಇದ್ದರೆ ಹಿಂದೆ ಬಿದ್ದಂತೆಯೇ.

ಇನ್ನೊಂದು ಕಡೆ, ಊರು ಬೆಳೆದಷ್ಟೂ ಜಮೀನಿನ ಬೆಲೆ ಏರುತ್ತದೆ. ಇವತ್ತು ಹೊಲವಾಗಿರುವ ಜಾಗ ನಾಳೆ ಸೈಟು, ನಾಡಿದ್ದು ಮನೆ. ಹೊಲವನ್ನು ಕೊಳ್ಳಬಹುದು. ಕಷ್ಟಪಟ್ಟು ಖಾಲಿ ಸೈಟನ್ನೂ ಕೊಳ್ಳಬಹುದು. ಸಾಲುಮನೆಗಳನ್ನು ಕೆಡವಿ ಪಾರ್ಕ್ ಮಾಡಲು ಯಾವ ಸಣ್ಣ ನಗರಕ್ಕೂ ಶಕ್ತಿ ಇರುವುದಿಲ್ಲ, ಮಾಡುವುದು ಸರಿಯೂ ಅಲ್ಲ.

ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ನಗರ ಇದನ್ನು ಬೇಗ ಅರ್ಥಮಾಡಿಕೊಂಡಿತು. 1960ರಲ್ಲಿ ಅಲ್ಲಿದ್ದದ್ದು ಸುಮಾರು 38 ಸಾವಿರ ಜನ. 1970ರ ಹೊತ್ತಿಗೆ ಅದು 67 ಸಾವಿರದ ಹತ್ತಿರ ಬಂದಿತ್ತು. ಈ ಓಟದ ನಡುವೆ, 1967ರಲ್ಲಿ, ಅಲ್ಲಿನ ಮತದಾರರು ತಮ್ಮ ಮೇಲೆ ತಾವೇ ಒಂದು ತೆರಿಗೆ ಹಾಕಿಕೊಂಡರು. ನೂರು ಡಾಲರಿನ ಮಾರಾಟಕ್ಕೆ ಒಂದು ಡಾಲರ್. ಬಯಲು ಜಾಗ ಕೊಳ್ಳಲೆಂದೇ ಅದರಲ್ಲಿ 40 ಸೆಂಟ್ ಎತ್ತಿಟ್ಟರು. ಇವತ್ತು ನಗರದ ಸುತ್ತ 45 ಸಾವಿರ ಎಕರೆಗೂ ಹೆಚ್ಚು ಸಾರ್ವಜನಿಕ ಬಯಲು ಇದೆ. ಇದಕ್ಕೆ ಇನ್ನೊಂದು ಮುಖವೂ ಉಂಟು. ಸುತ್ತಲಿನ ಜಾಗವೆಲ್ಲ ಮೀಸಲಾದಾಗ ಒಳಗಿನ ಮನೆಗಳ ಬೆಲೆ ಏರಿತು, ಅಲ್ಲಿ ದುಡಿಯುವ ಎಷ್ಟೋ ಜನ ದೂರದ ಊರುಗಳಿಂದ ಓಡಾಡುವಂತಾಯಿತು ಎಂಬ ಟೀಕೆ ಅಲ್ಲಿ ಜೋರಾಗಿಯೇ ಇದೆ. ಪಾರ್ಕಿನ ಯೋಜನೆಯನ್ನೂ ಮನೆಗಳ ಯೋಜನೆಯನ್ನೂ ಬೇರೆ ಬೇರೆ ಮೇಜಿನ ಮೇಲೆ ಮಾಡಿದರೆ ಆಗುವುದು ಇದೇ.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಸಿಯೋಲ್ ಸಾಕ್ಷಿ. ನಗರದ ನಡುವೆ ಹರಿಯುತ್ತಿದ್ದ ಚೊಂಗ್ಯೆಚೊನ್ ತೊರೆಯನ್ನು ಕಾಂಕ್ರೀಟಿನಿಂದ ಮುಚ್ಚಿ, ಅದರ ಮೇಲೆ ಎತ್ತರದ ಹೆದ್ದಾರಿ ಕಟ್ಟಿದ್ದರು. 2003ರಲ್ಲಿ ಅದನ್ನು ಕೆಡವಲು ಶುರುಮಾಡಿ, 2005ರಲ್ಲಿ ಸುಮಾರು 5.8 ಕಿಲೋಮೀಟರ್ ಉದ್ದದ ತೊರೆಯನ್ನು ಮತ್ತೆ ಬಯಲಿಗೆ ತಂದರು. ಜನ ಇವತ್ತು ಅದರ ದಂಡೆಯಲ್ಲಿ ನಡೆಯುತ್ತಾರೆ, ನಿಜ. ಆದರೆ ಅದು ಒಂದು ದೇಶದ ರಾಜಧಾನಿ. ಮೊದಲು ಮುಚ್ಚುವ ಖರ್ಚು, ಆಮೇಲೆ ಒಡೆಯುವ ಖರ್ಚು, ಕೊನೆಗೆ ಮತ್ತೆ ಕಟ್ಟುವ ಖರ್ಚು. ಸಣ್ಣ ಊರಿಗೆ ಅದರಲ್ಲಿ ಒಂದನ್ನು ಹೊರುವುದೇ ಹೆಚ್ಚು.

ಇಡೀ ವಿಷಯದ ತಿರುಳು ಇಲ್ಲಿದೆ. ಬೆಂಚು, ಜೋಕಾಲಿ, ದೀಪ, ಹುಲ್ಲುಹಾಸು, ಇವನ್ನೆಲ್ಲ ಹತ್ತು ವರ್ಷ ಬಿಟ್ಟು ಹಾಕಬಹುದು. ಜಾಗವನ್ನು ಹತ್ತು ವರ್ಷ ಬಿಟ್ಟು ಪಡೆಯಲಾಗುವುದಿಲ್ಲ. ಆದ್ದರಿಂದ ‘ಯೋಜನೆ ಆಯಿತು, ಕೆಲಸ ಶುರುವಾಗಲಿಲ್ಲ’ ಎನ್ನುವುದು ತಾನೇ ದೊಡ್ಡ ತಪ್ಪಲ್ಲ. ಆ ಎರಡು ವರ್ಷದಲ್ಲಿ ಜಾಗ ಕೈಗೆ ಬಂತಾ, ಇಲ್ಲವಾ? ಕೇಳಬೇಕಾದ್ದು ಅದನ್ನು.

ಗೆರೆ ಯಾಕೆ ಯಾವಾಗಲೂ ಹಳ್ಳದ ಗುಂಟವೇ?

ನಕ್ಷೆ ನೋಡಿದವರು ಇದನ್ನು ಗಮನಿಸಿರುತ್ತಾರೆ. ಹಸಿರು ಗೆರೆ ಹೆಚ್ಚಾಗಿ ಹಳ್ಳ, ಕಾಲುವೆ, ಕೆರೆಯಂಚು ಹಿಡಿದೇ ಹೋಗಿರುತ್ತದೆ. ಇದು ಚಂದಕ್ಕಾಗಿ ಮಾಡಿದ್ದಲ್ಲ.

ನೀರು ಎಲ್ಲೂ ತುಂಡಾಗದೆ ಹರಿಯುತ್ತದೆ. ಹಾಗಾಗಿ ಅದರ ದಂಡೆಯೂ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹಬ್ಬಿರುತ್ತದೆ. ನಡಿಗೆ ದಾರಿಗೆ ಬೇಕಾದದ್ದು ಇದೇ ಗುಣ. ಬೇರೆ ಕಡೆ ಇಂಥ ಉದ್ದನೆಯ ಪಟ್ಟಿ ಬೇಕೆಂದರೆ ನೂರಾರು ಮಾಲೀಕರ ಜೊತೆ ಮಾತಾಡಬೇಕು. ದಂಡೆಯ ಜಾಗದಲ್ಲಿ ಮನೆ ಕಟ್ಟಿದರೆ ಜೋರು ಮಳೆಗೆ ಮುಳುಗುವ ಅಪಾಯ ಹೇಗೂ ಇದೆ. ಆ ಜಾಗವನ್ನು ಪಾರ್ಕಾಗಿ ಬಿಟ್ಟರೆ ಮಳೆ ಬಂದ ದಿನ ನೀರು ಅಲ್ಲಿ ಹರಡಿ ನಿಲ್ಲುತ್ತದೆ, ಇಳಿದ ಮೇಲೆ ಜನ ಮತ್ತೆ ನಡೆಯುತ್ತಾರೆ. ಹುಲ್ಲು ಒದ್ದೆಯಾದರೆ ಎರಡು ದಿನದಲ್ಲಿ ಒಣಗುತ್ತದೆ. ಮನೆ ಒದ್ದೆಯಾದರೆ ಒಂದು ಸಂಸಾರವೇ ಬೀದಿಗೆ ಬರುತ್ತದೆ.

ಈ ಯೋಚನೆ ಹೊಸದಲ್ಲ. ಬಾಸ್ಟನ್ ನಗರದ ಹೆಸರಾಂತ ಪಾರ್ಕ್ ಸರಣಿಯನ್ನು ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ರೂಪಿಸಿದರು. 1870ರ ದಶಕದ ಕೊನೆಯಲ್ಲಿ ಅವರು ಕೈಗೆತ್ತಿಕೊಂಡ ಜೌಗು ಭಾಗದಲ್ಲಿ ಮೊದಲ ಗುರಿ ನೆರೆ ಮತ್ತು ಕೊಳಚೆಯ ವಾಸನೆಯನ್ನು ಸರಿಪಡಿಸುವುದೇ ಆಗಿತ್ತು. ಬ್ರೆಜಿಲ್‌ನ ಕುರಿಟಿಬಾ ನಗರ 1970ರ ದಶಕದಲ್ಲಿ ನದಿಗಳನ್ನು ಕಾಂಕ್ರೀಟ್ ಕಾಲುವೆ ಮಾಡುವ ಬದಲು ದಂಡೆಯ ಜಾಗವನ್ನು ಪಾರ್ಕ್ ಮಾಡಿ, ನೆರೆ ನೀರು ನಿಲ್ಲಲು ಕೆರೆಗಳನ್ನು ತೋಡಿತು. 1972ರ ಬರಿಗುಯಿ ಪಾರ್ಕ್ ಅದರಲ್ಲಿ ಒಂದು. ಹುಲ್ಲು ಕತ್ತರಿಸುವ ಖರ್ಚು ಉಳಿಸಲು ಅಲ್ಲಿನ ಪಾರ್ಕುಗಳಲ್ಲಿ ಕುರಿಗಳನ್ನೂ ಮೇಯಿಸಿದರು. ಸಿಂಗಪುರ 1990ರ ದಶಕದಿಂದ ಕಾಲುವೆಗಳ ಪಕ್ಕದ ಮೀಸಲು ಜಾಗವನ್ನೇ ಬಳಸಿ ಪಾರ್ಕಿನಿಂದ ಪಾರ್ಕಿಗೆ ದಾರಿ ಜೋಡಿಸುತ್ತಾ ಬಂತು. ಇವತ್ತು ಆ ಜಾಲ 300 ಕಿಲೋಮೀಟರ್ ದಾಟಿದೆ. ಕಾಲುವೆ ದುರಸ್ತಿಗೆಂದು ಮೊದಲೇ ಬಿಟ್ಟಿದ್ದ ಜಾಗ ಅದು. ಅಲ್ಲಿ ಹೊಸದಾಗಿ ಕೊಳ್ಳುವ ತಾಪತ್ರಯವೇ ಇರಲಿಲ್ಲ.

ಒಂದು ಎಚ್ಚರಿಕೆ ಬೇಕು. ದಂಡೆಯನ್ನು ಅಂಚಿನವರೆಗೂ ಕಾಂಕ್ರೀಟ್ ಮಾಡಿ, ಅದರ ಮೇಲೆ ಟೈಲ್ಸ್ ಹಾಕಿ ‘ವಾಕಿಂಗ್ ಪಾತ್’ ಎಂದರೆ ಮೇಲೆ ಹೇಳಿದ ಯಾವ ಲಾಭವೂ ಇಲ್ಲ. ನೀರು ಇಂಗುವುದಿಲ್ಲ, ಹರಡುವುದೂ ಇಲ್ಲ. ವೇಗವಾಗಿ ಹೋಗಿ ಕೆಳಗಿನ ಬಡಾವಣೆಗೆ ನುಗ್ಗುತ್ತದೆ. ಸಿಂಗಪುರದಲ್ಲೇ ಬಿಶಾನ್ ಪಾರ್ಕಿನ ಪಕ್ಕ ಇಂಥ ಕಾಂಕ್ರೀಟ್ ಕಾಲುವೆ ಇತ್ತು. 2012ರ ಹೊತ್ತಿಗೆ ಅದನ್ನು ಒಡೆದು, ಬಳುಕುತ್ತಾ ಹರಿಯುವ ನದಿಯನ್ನಾಗಿ ಬದಲಿಸಿದರು. ಒಡೆಯುವ ಕೆಲಸ ಬರುತ್ತದೆ ಎಂದು ಗೊತ್ತಿದ್ದೂ ಹೊಸದಾಗಿ ಕಟ್ಟುವುದರಲ್ಲಿ ಅರ್ಥವಿಲ್ಲ.

ಹಳೆಯ ರೈಲು ಹಳಿಗಳ ಕಥೆಯೂ ಇಂಥದ್ದೇ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1960ರ ದಶಕದಲ್ಲಿ ನಿಂತುಹೋದ ಒಂದು ಮಾರ್ಗವನ್ನು ಸುಮಾರು 51 ಕಿಲೋಮೀಟರ್ ಸೈಕಲ್ ದಾರಿ ಮಾಡಿದರು, ಮೂರು ಸುರಂಗಗಳ ಸಮೇತ. ಆದರೆ ಹಳಿ ಕಿತ್ತ ಮೇಲೆ ಜಾಗ ತುಂಡುತುಂಡಾಗಿ ಅಕ್ಕಪಕ್ಕದ ಮಾಲೀಕರಿಗೆ ಸೇರಿಬಿಟ್ಟರೆ ಆ ಉದ್ದ ಮತ್ತೆ ಸಿಗುವುದಿಲ್ಲ. ಅದಕ್ಕೇ 1983ರಲ್ಲಿ ಅಲ್ಲಿ ಕಾನೂನು ತಿದ್ದಿದರು. ಮುಂದೆಂದಾದರೂ ರೈಲು ಬೇಕಾಗಬಹುದು ಎಂದು ಮಾರ್ಗವನ್ನು ಇಡಿಯಾಗಿ ಉಳಿಸಿ, ಅಲ್ಲಿಯವರೆಗೆ ನಡಿಗೆ ದಾರಿಯಾಗಿ ಬಳಸಲು ಅವಕಾಶ ಕೊಟ್ಟರು. ಪಕ್ಕದ ಜಮೀನಿನವರು ಕೋರ್ಟಿಗೆ ಹೋದರು. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾನೂನನ್ನು ಎತ್ತಿಹಿಡಿಯಿತು, ಆದರೆ ಮಾಲೀಕರು ಪರಿಹಾರ ಕೇಳುವ ದಾರಿಯನ್ನು ಮುಚ್ಚಲಿಲ್ಲ. ದಾರಿಯೂ ಉಳಿಯಿತು, ಹಕ್ಕೂ ಉಳಿಯಿತು. ಜಮೀನಿನ ತಕರಾರಿಗೆ ಇದಕ್ಕಿಂತ ನೇರವಾದ ಪರಿಹಾರ ಕಡಿಮೆ.

ಹೊಸ ಊರೊಂದು ಮಾಡಿದ ಲೆಕ್ಕ

ಬೆಳೆಯುವ ಊರಿಗೆ ಪಾಠ ಬೇಕಿದ್ದರೆ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ನೋಡಬೇಕು. 1967ರಲ್ಲಿ ಅದನ್ನು ಹೊಸ ಪಟ್ಟಣವೆಂದು ಗುರುತಿಸಿದಾಗ ಆ ಪ್ರದೇಶದಲ್ಲಿ ಒಂದು ಲಕ್ಷಕ್ಕಿಂತ ಬಹಳ ಕಡಿಮೆ ಜನರಿದ್ದರು. ಎರಡೂವರೆ ಲಕ್ಷ ಜನರಿಗೆ ಊರು ಕಟ್ಟುವುದು ಗುರಿ. ಯೋಜಕರು ನದಿ ಮತ್ತು ತೊರೆಗಳ ನೆರೆ ಬಯಲನ್ನು ಮೊದಲೇ ಬೇರೆ ಇಟ್ಟರು. ಅವೇ ಉದ್ದನೆಯ ಪಾರ್ಕುಗಳಾದವು. ಮಳೆನೀರು ತಡೆಹಿಡಿಯಲು ತೋಡಿದ ಕೆರೆಗಳ ಸುತ್ತ ಇವತ್ತು ಜನ ವಿಹಾರಕ್ಕೆ ಬರುತ್ತಾರೆ. ವಿಲ್ಲೆನ್ ಕೆರೆ ಅದರಲ್ಲಿ ಹೆಸರುವಾಸಿ.

ಇದಕ್ಕಿಂತ ದೊಡ್ಡ ವಿಷಯ 1992ರದ್ದು. ಪಟ್ಟಣ ಕಟ್ಟುತ್ತಿದ್ದ ಸಂಸ್ಥೆಯನ್ನು ಆ ವರ್ಷ ಮುಚ್ಚಿದರು. ಪಾರ್ಕುಗಳನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಬಂತು. ನಗರಾಡಳಿತಕ್ಕೆ ಕೊಟ್ಟರೆ ಪ್ರತಿ ವರ್ಷ ಬಜೆಟ್ಟಿನಲ್ಲಿ ಬೇರೆ ಖರ್ಚುಗಳ ಜೊತೆ ಹೊಡೆದಾಡಬೇಕು. ಅದರ ಬದಲು ಪಾರ್ಕುಗಳಿಗಾಗಿಯೇ ಒಂದು ಟ್ರಸ್ಟ್ ಮಾಡಿ, 999 ವರ್ಷದ ಗುತ್ತಿಗೆಗೆ ಜಾಗ ಕೊಟ್ಟರು. ಜೊತೆಗೆ ಸುಮಾರು 2 ಕೋಟಿ ಪೌಂಡ್ ಮೌಲ್ಯದ ಆಸ್ತಿಯನ್ನೂ ಕೊಟ್ಟರು. ಆ ಆಸ್ತಿಯ ಬಾಡಿಗೆ ಮತ್ತು ಹೂಡಿಕೆಯ ಆದಾಯದಿಂದ ಪಾರ್ಕುಗಳ ನಿರ್ವಹಣೆ ನಡೆಯುತ್ತದೆ. ಜಾಗದ ಜೊತೆಗೆ ಅದನ್ನು ಸಾಕುವ ದುಡ್ಡನ್ನೂ ಎತ್ತಿಟ್ಟ ಊರು ಅದು.

ಅಲ್ಲಿಯೂ ಎಲ್ಲ ಸರಿಯಿಲ್ಲ. 300 ಕಿಲೋಮೀಟರಿಗೂ ಉದ್ದವಾದ ಕೆಂಪು ಬಣ್ಣದ ನಡಿಗೆ ಮತ್ತು ಸೈಕಲ್ ದಾರಿಗಳ ಜಾಲ ಅಲ್ಲಿದೆ. ಅದು ಸುತ್ತಿ ಬಳಸಿ ಹೋಗುತ್ತದೆ, ಅಡ್ಡರಸ್ತೆಗಳು ಸೇರುವಲ್ಲಿ ಎದುರಿಗೆ ಬರುವವರು ಸರಿಯಾಗಿ ಕಾಣುವುದಿಲ್ಲ ಎಂಬ ದೂರು ಹಳೆಯದು. ವಿಹಾರಕ್ಕೆ ಚಂದವಾದ ದಾರಿ ಕೆಲಸಕ್ಕೆ ಹೋಗುವವರಿಗೆ ಉಪಯೋಗಕ್ಕೆ ಬರಲೇಬೇಕೆಂದಿಲ್ಲ.

‘ತಲೆಗೆ ಇಷ್ಟು ಚದರ ಮೀಟರ್’ ಸಾಕೇ?

ಯೋಜನಾ ವರದಿಗಳಲ್ಲಿ ಹೆಚ್ಚು ಕಾಣುವ ಅಂಕಿ ಇದು. ಭಾರತದ 2014ರ ನಗರ ಯೋಜನಾ ಮಾರ್ಗಸೂಚಿ ತಲೆಗೆ 10ರಿಂದ 12 ಚದರ ಮೀಟರ್ ಬಯಲು ಜಾಗ ಇರಲಿ ಎನ್ನುತ್ತದೆ. ಬೇರೆ ದೇಶಗಳಲ್ಲೂ ಇಂಥ ಅಳತೆಗಳಿವೆ. ಲೆಕ್ಕ ಹಾಕಲು ಸುಲಭ, ಹೋಲಿಸಲು ಸುಲಭ. ಆದರೆ ಸರಾಸರಿ ಬಹಳ ಮುಚ್ಚಿಡುತ್ತದೆ. ಊರಾಚೆ ಒಂದೇ ದೊಡ್ಡ ಉದ್ಯಾನ ಇದ್ದರೂ ಸರಾಸರಿ ಚೆನ್ನಾಗಿಯೇ ಬರುತ್ತದೆ. ಆದರೆ ಊರ ನಡುವಿನ ಒತ್ತೊತ್ತು ಬೀದಿಯ ಮಗುವಿಗೆ ಅದರಿಂದ ಏನು ಸಿಕ್ಕಿತು?

ಅದಕ್ಕೇ ಈಚೆಗೆ ದೂರದ ಅಳತೆಗೆ ಒತ್ತು ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿಯ ಸಲಹೆ ಪ್ರಕಾರ, ಮನೆಯಿಂದ 300 ಮೀಟರ್ ಒಳಗೆ, ಅಂದರೆ ಸುಮಾರು 5 ನಿಮಿಷದ ನಡಿಗೆಯಲ್ಲಿ, ಕನಿಷ್ಠ ಅರ್ಧದಿಂದ ಒಂದು ಹೆಕ್ಟೇರ್ ಹಸಿರು ಜಾಗ ಇರಬೇಕು. 2021ರಲ್ಲಿ ಸೆಸಿಲ್ ಕೋನಿನೆಂಡೈಕ್ ಎಂಬ ನಗರ ಅರಣ್ಯ ತಜ್ಞರು 3-30-300 ಎಂಬ ಸೂತ್ರ ಮುಂದಿಟ್ಟರು. ಪ್ರತಿ ಮನೆಯಿಂದ ಕನಿಷ್ಠ 3 ಮರ ಕಾಣಬೇಕು, ಬಡಾವಣೆಯ ಶೇ 30ರಷ್ಟು ಭಾಗಕ್ಕೆ ಮರದ ನೆರಳಿರಬೇಕು, 300 ಮೀಟರಿನಲ್ಲಿ ಪಾರ್ಕ್ ಸಿಗಬೇಕು. ಅದರ ಒಳ್ಳೆಯ ಗುಣ ಅಂದರೆ ಯಾರು ಬೇಕಾದರೂ ಕಿಟಕಿಯ ಬಳಿ ನಿಂತು, ಬೀದಿಯಲ್ಲಿ ನಡೆದು ಪರೀಕ್ಷೆ ಮಾಡಬಹುದು.

ಇಲ್ಲೂ ಒಂದು ತಾಂತ್ರಿಕ ಮೋಸ ನುಸುಳುತ್ತದೆ. ನಕ್ಷೆಯಲ್ಲಿ ಪಾರ್ಕಿನ ಸುತ್ತ 300 ಮೀಟರ್ ವೃತ್ತ ಎಳೆದುಬಿಡುತ್ತಾರೆ. ವೃತ್ತದೊಳಗಿನ ಎಲ್ಲ ಮನೆಗೂ ಪಾರ್ಕ್ ‘ಸಿಕ್ಕಿತು’ ಎಂಬ ಲೆಕ್ಕ. ನಡುವೆ ರೈಲು ಹಳಿ, ಹೆದ್ದಾರಿ, ಉದ್ದದ ಕಾಂಪೌಂಡ್ ಗೋಡೆ ಇದ್ದರೆ ಆ 300 ಮೀಟರ್ ನಿಜಕ್ಕೂ ಒಂದೂವರೆ ಕಿಲೋಮೀಟರ್ ಆಗಬಹುದು. ಹಕ್ಕಿಗೆ ಹತ್ತಿರ, ಮನುಷ್ಯರಿಗೆ ದೂರ. ಎಷ್ಟೋ ಸಲ ಹೊಸ ಪಾರ್ಕ್ ಮಾಡುವುದಕ್ಕಿಂತ ಹಳೆಯ ಪಾರ್ಕಿನ ಗೋಡೆಯಲ್ಲಿ ಇನ್ನೊಂದು ಗೇಟು ತೆರೆಯುವುದು ಹೆಚ್ಚು ಜನರಿಗೆ ಉಪಕಾರಿ. ಖರ್ಚೂ ಕಡಿಮೆ.

ಬೇಲಿಯಾಚೆ ದಾರಿ ಬಂದರೆ

ನಡಿಗೆ ದಾರಿಗೆ ಜೋರಾದ ವಿರೋಧ ಬರುವುದು ದಂಡೆಯ ಪಕ್ಕದ ಮನೆಗಳಿಂದ. ಹಿತ್ತಲಿಗೆ ಯಾರೋ ಇಣುಕುತ್ತಾರೆ, ಕಳ್ಳರಿಗೆ ದಾರಿಯಾಗುತ್ತದೆ, ರಾತ್ರಿ ಪುಂಡರು ಸೇರುತ್ತಾರೆ. ಇದನ್ನು ಸ್ವಾರ್ಥ ಎಂದು ತಳ್ಳಿಹಾಕುವುದು ತಪ್ಪು. ಜನ ಓಡಾಡುವ ದಾರಿ ನಿರ್ಜನ ದಂಡೆಗಿಂತ ಸುರಕ್ಷಿತ ಎಂಬುದು ಪರ ಇರುವವರ ವಾದ. ಎರಡೂ ನಿಜವಾಗಬಹುದು, ಯಾಕೆಂದರೆ ವ್ಯತ್ಯಾಸ ಇರುವುದು ವಿನ್ಯಾಸದಲ್ಲಿ. ಎರಡೂ ಕಡೆ ಎತ್ತರದ ಗೋಡೆ ಇದ್ದು, ಅರ್ಧ ಕಿಲೋಮೀಟರ್‌ವರೆಗೆ ಹೊರಬರಲು ಜಾಗವೇ ಇಲ್ಲದ ದಾರಿ ಹಗಲಲ್ಲೂ ಭಯ ಹುಟ್ಟಿಸುತ್ತದೆ. ಮನೆಗಳ ಮುಖ ದಾರಿಯ ಕಡೆಗಿದ್ದು, ಪದೇ ಪದೇ ಬೀದಿಗೆ ಸೇರುವ ದಾರಿಯಲ್ಲಿ ಸಂಜೆ ಏಳಕ್ಕೂ ಜನ ಇರುತ್ತಾರೆ. ಹೊಸ ಬಡಾವಣೆಗಳಲ್ಲಿ ಮನೆಯ ಬೆನ್ನು ಹಳ್ಳಕ್ಕೆ ಬರದಂತೆ, ಬೀದಿ ಹಳ್ಳದ ಪಕ್ಕ ಬರುವಂತೆ ನಿಯಮ ಮಾಡಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಯಾರು ಬರುತ್ತಾರೆ ಎಂಬುದೂ ವಿನ್ಯಾಸದ ಫಲವೇ. 1990ರ ದಶಕದಲ್ಲಿ ವಿಯೆನ್ನಾದಲ್ಲಿ ನಡೆದ ಅಧ್ಯಯನದಲ್ಲಿ ಒಂದು ವಿಷಯ ಗೊತ್ತಾಯಿತು. ಸುಮಾರು 9 ವರ್ಷ ದಾಟಿದ ಹುಡುಗಿಯರು ಪಾರ್ಕಿಗೆ ಬರುವುದು ಬಹಳ ಕಡಿಮೆಯಾಗುತ್ತಿತ್ತು. ಹುಡುಗರು ಬರುತ್ತಲೇ ಇದ್ದರು. ಒಂದೇ ದೊಡ್ಡ ಆಟದ ಅಂಗಳವಿದ್ದರೆ ಅದು ಹುಡುಗರ ಚೆಂಡಾಟಕ್ಕೆ ಮೀಸಲಾಗಿಬಿಡುತ್ತಿತ್ತು. ನಗರ ಕೆಲವು ಪಾರ್ಕುಗಳಲ್ಲಿ ಬಯಲನ್ನು ಭಾಗ ಮಾಡಿತು, ಪ್ರವೇಶ ದಾರಿಗಳನ್ನು ಹೆಚ್ಚಿಸಿತು, ಬೇರೆ ಆಟಗಳಿಗೂ ಜಾಗ ಕೊಟ್ಟಿತು. ಹುಡುಗಿಯರು ಮತ್ತೆ ಬರತೊಡಗಿದರು. ಯಾರನ್ನೂ ಹೊರಗೆ ಹಾಕುವ ಉದ್ದೇಶ ಮೊದಲ ವಿನ್ಯಾಸಕಾರರಿಗೆ ಇರಲಿಲ್ಲ. ಕೇಳದೆ ಮಾಡಿದ್ದರು, ಅಷ್ಟೇ.

ಬಾಡಿಗೆ ಏರಿದರೆ ಯಾರು ಹೊಣೆ?

ಒಳ್ಳೆಯ ಪಾರ್ಕ್ ಬಂದರೆ ಸುತ್ತಲಿನ ಮನೆಗಳ ಬೆಲೆ ಏರುತ್ತದೆ. ಸ್ವಂತ ಮನೆ ಇದ್ದವರಿಗೆ ಲಾಭ. ಬಾಡಿಗೆಯವರಿಗೆ ಅದೇ ಕಷ್ಟ. ಅಟ್ಲಾಂಟಾ ನಗರದ ಬೆಲ್ಟ್‌ಲೈನ್ ಇದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆ. ನಗರದ ಸುತ್ತ ಸುಮಾರು 35 ಕಿಲೋಮೀಟರ್ ಉದ್ದದ ಹಳೆಯ ರೈಲು ಮಾರ್ಗಗಳ ಉಂಗುರವನ್ನು ದಾರಿ ಮಾಡುವ ಈ ಯೋಚನೆ ಹುಟ್ಟಿದ್ದು 1999ರಲ್ಲಿ ರಯಾನ್ ಗ್ರಾವೆಲ್ ಬರೆದ ಸ್ನಾತಕೋತ್ತರ ಪ್ರಬಂಧದಲ್ಲಿ. ದಾರಿ ಬಂತು, ಜನ ಬಂದರು, ಬಾಡಿಗೆಯೂ ಏರಿತು. ಕೈಗೆಟಕುವ 5,600 ಮನೆಗಳ ಗುರಿ ಯೋಜನೆಯಲ್ಲಿ ಮೊದಲೇ ಇತ್ತು. ಆದರೆ ಕೆಲಸ ಹಿಂದೆ ಬಿತ್ತು. 2016ರಲ್ಲಿ ಗ್ರಾವೆಲ್ ಅವರೇ, ಬಡವರ ಮನೆಯ ವಿಷಯಕ್ಕೆ ಸಾಕಷ್ಟು ಗಮನ ಸಿಗುತ್ತಿಲ್ಲ ಎಂದು, ಯೋಜನೆಗೆ ಬೆಂಬಲವಾಗಿದ್ದ ಸಂಸ್ಥೆಯ ಮಂಡಳಿಯಿಂದ ಹೊರಬಂದರು.

ಬೆಲೆ ಏರುತ್ತದೆ ಎಂದು ಪಾರ್ಕನ್ನೇ ಬೇಡ ಎನ್ನುವುದು ಬಡವರ ಬೀದಿಗೆ ಹಸಿರು ಬೇಡ ಎಂದಂತೆ. ಅದು ಯಾವ ನ್ಯಾಯ? ಉತ್ತರ ಇರುವುದು ಕ್ರಮದಲ್ಲಿ. ದಾರಿ ಬರುವ ಮೊದಲೇ, ಬೆಲೆ ಇನ್ನೂ ಕಡಿಮೆ ಇರುವಾಗಲೇ, ಕೈಗೆಟಕುವ ಮನೆಗಳಿಗೆ ಜಾಗ ತೆಗೆದಿಡಬೇಕು. ಮತ್ತೆ ಅದೇ ಮಾತು, ಜಾಗ ಮೊದಲು. ಒಂದೇ ಕಡೆ ಬೆರಗು ಹುಟ್ಟಿಸುವ ಪಾರ್ಕ್ ಮಾಡುವ ಬದಲು ಎಲ್ಲ ಬಡಾವಣೆಗೂ ಸಾಧಾರಣ ಪಾರ್ಕ್ ಕೊಟ್ಟರೂ ಒತ್ತಡ ಹಂಚಿಹೋಗುತ್ತದೆ.

ರಿಬ್ಬನ್ ಕತ್ತರಿಸಿದ ಮೇಲೆ

ಕಟ್ಟಲು ಅನುದಾನ ಸಿಗುತ್ತದೆ. ಉದ್ಘಾಟನೆಯ ಫೋಟೋ ಬರುತ್ತದೆ. ಗಿಡಕ್ಕೆ ಮೂರನೇ ಬೇಸಿಗೆಯಲ್ಲಿ ನೀರು ಹಾಕಲು ಅನುದಾನ ಸಿಗುವುದಿಲ್ಲ. ಬ್ರಿಟನ್ನಿನಲ್ಲಿ 2014ರ ಒಂದು ಸಮೀಕ್ಷೆಯಲ್ಲಿ ಶೇ 86ರಷ್ಟು ಪಾರ್ಕ್ ವ್ಯವಸ್ಥಾಪಕರು 2010ರಿಂದ ತಮ್ಮ ನಿರ್ವಹಣಾ ಬಜೆಟ್ ಕಡಿತವಾಗಿದೆ ಎಂದಿದ್ದರು. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಲ್ಲಿಗೇ, ಯಾಕೆಂದರೆ ಪಾರ್ಕ್ ಹಾಳಾಗುವುದು ನಿಧಾನ. ಒಂದು ವರ್ಷ ಬಿಟ್ಟರೆ ಕಾಣುವುದಿಲ್ಲ. ಐದು ವರ್ಷ ಬಿಟ್ಟರೆ ಜನ ಬರುವುದು ನಿಲ್ಲಿಸುತ್ತಾರೆ. ಜನ ಬರುವುದು ನಿಂತರೆ ‘ಇದನ್ನು ಯಾರೂ ಬಳಸುತ್ತಿಲ್ಲ, ಬೇರೆ ಏನಾದರೂ ಕಟ್ಟೋಣ’ ಎಂಬ ಮಾತು ಏಳುತ್ತದೆ.

ಆ ಮಾತು ಬರೀ ಊಹೆಯಲ್ಲ. ಬೆಂಗಳೂರಿನ ಬಡಾವಣೆಯೊಂದರಲ್ಲಿ ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನೆರೆಹೊರೆಯವರು ಕೋರ್ಟಿಗೆ ಹೋದರು. 1991ರಲ್ಲಿ ಭಾರತದ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ನಿಂತಿತು. ಆಸ್ಪತ್ರೆ ಒಳ್ಳೆಯದೇ ಆದರೂ ಪಾರ್ಕಿನ ಜಾಗವನ್ನು ಹೀಗೆ ಬದಲಿಸಲು ಬರುವುದಿಲ್ಲ ಎಂಬುದು ತೀರ್ಪಿನ ಸಾರ. ಜಾಗ ಮೀಸಲು ಎಂದು ಕಾಗದದಲ್ಲಿ ಬರೆದಿದ್ದರಿಂದಲೇ ಅವರು ಗೆದ್ದರು.

ನಿರ್ವಹಣೆಯ ಖರ್ಚು ಪಾರ್ಕಿನ ಆಕಾರದ ಮೇಲೂ ನಿಂತಿದೆ. ಬಡಾವಣೆ ಮಾಡುವವರು ಬಿಟ್ಟುಕೊಡುವ ಜಾಗ ಸಾಮಾನ್ಯವಾಗಿ ಮೂಲೆಯದ್ದು, ಇಳಿಜಾರಿನದ್ದು, ವಿದ್ಯುತ್ ತಂತಿಯ ಕೆಳಗಿನದ್ದು. ಅಂದರೆ ಮಾರಾಟವಾಗದ ಜಾಗ. 500 ಚದರ ಮೀಟರಿನ 20 ತುಣುಕು ಸೇರಿದರೆ ಒಂದು ಹೆಕ್ಟೇರ್ ಆಗುತ್ತದೆ ಎಂಬುದು ಕಾಗದದ ಲೆಕ್ಕ. ಆದರೆ 20 ಕಡೆ ಬೇಲಿ, 20 ಕಡೆ ನೀರು, 20 ಕಡೆ ಗುಡಿಸುವವರು ಬೇಕು. ಒಂದೇ ಕಡೆ ಇರುವ ಒಂದು ಹೆಕ್ಟೇರಿನಲ್ಲಿ ಮಕ್ಕಳು ಓಡಬಹುದು, ಮರ ಬೆಳೆಯಬಹುದು, ಹಿರಿಯರು ಒಂದು ಸುತ್ತು ಹಾಕಬಹುದು. ಆದ್ದರಿಂದ ಸಣ್ಣ ಬಡಾವಣೆಗಳಿಂದ ತುಣುಕು ಪಡೆಯುವ ಬದಲು ಹಣ ಪಡೆದು, ಯೋಜನೆಯಲ್ಲಿ ಗುರುತಿಸಿದ ಕಡೆ ಒಟ್ಟಿಗೆ ಜಾಗ ಕೊಳ್ಳುವುದು ಜಾಣತನ. ಆ ಹಣ ಬೇರೆ ಖಾತೆಯಲ್ಲಿದ್ದು, ಪಾರ್ಕಿಗೆ ಮಾತ್ರ ಖರ್ಚಾಗಬೇಕು. ಸಾಮಾನ್ಯ ಖಾತೆಗೆ ಬಿದ್ದರೆ ಅದು ಕರಗಿಹೋಗುತ್ತದೆ.

ಮರಗಳ ವಿಷಯ ಒಂದು ಮಾತಿನಲ್ಲಿ. ನೆರಳು ಕೊಡುವ ಮರ ಬೆಳೆಯಲು ದಶಕಗಳು ಬೇಕು, ಹಾಗಾಗಿ ಕಟ್ಟಡ ತಡವಾದರೂ ಗಿಡ ತಡವಾಗಬಾರದು. ಒಂದೇ ಜಾತಿ ನೆಡುವುದು ಅಪಾಯ. 2002ರಲ್ಲಿ ಅಮೆರಿಕದಲ್ಲಿ ಪತ್ತೆಯಾದ ಒಂದು ಹಸಿರು ಕೊರಕ ಹುಳು ಕೋಟ್ಯಂತರ ಆಶ್ ಮರಗಳನ್ನು ಕೊಂದಿತು. ಅದೇ ಮರವನ್ನು ಸಾಲಾಗಿ ನೆಟ್ಟಿದ್ದ ಬೀದಿಗಳು ಬೋಳಾದವು.

‘ಮೊದಲು ಚರಂಡಿ ಮಾಡಿ’ ಎಂಬ ವಾದ

ಇದು ಎಲ್ಲಕ್ಕಿಂತ ಗಟ್ಟಿಯಾದ ವಿರೋಧ. ಕುಡಿಯುವ ನೀರು ಸರಿಯಿಲ್ಲದ ಊರಿನಲ್ಲಿ ಪಾರ್ಕಿನ ಮಾತು ಚುಚ್ಚುತ್ತದೆ, ಅಲ್ವಾ? ನೀರು, ಒಳಚರಂಡಿ ಮೊದಲು ಆಗಲೇಬೇಕು. ಆದರೆ ಇಲ್ಲಿ ಒಂದು ತಪ್ಪು ಎಣಿಕೆ ಇದೆ. ಪಾರ್ಕ್ ಅಂದರೆ ಕಾರಂಜಿ, ಬಣ್ಣದ ದೀಪ, ಕಲ್ಲಿನ ಕಮಾನು ಎಂದು ಎಲ್ಲರೂ ಭಾವಿಸುತ್ತಾರೆ. ಅವಕ್ಕೆ ಹೋಲಿಸಿದರೆ ಚರಂಡಿಯೇ ಗೆಲ್ಲಬೇಕು. ಆದರೆ ಹಳ್ಳದ ದಂಡೆಯನ್ನು ಕಟ್ಟಡದಿಂದ ಕಾಪಾಡುವುದು ಮಳೆನೀರಿನ ಕೆಲಸವೂ ಹೌದು. ಒಳಚರಂಡಿಯ ದೊಡ್ಡ ಕೊಳವೆಯೂ ಇಳಿಜಾರು ಹಿಡಿದು ಅದೇ ದಂಡೆಯಲ್ಲಿ ಹೋಗಬೇಕು. ಕೊಳವೆ ಹೂಳಲು ಅಗೆದ ನೆಲದ ಮೇಲೆಯೇ ದಾರಿ ಮಾಡಿದರೆ ದುರಸ್ತಿಯವರಿಗೂ ಹೋಗಲು ದಾರಿ ಸಿಗುತ್ತದೆ. ಒಂದೇ ಜಾಗ, ಒಂದೇ ಸಲದ ಅಗೆತ, ಮೂರು ಕೆಲಸ. ನೀರು, ರಸ್ತೆ, ಪಾರ್ಕಿನ ಇಲಾಖೆಗಳು ಬೇರೆ ಬೇರೆ ವರ್ಷ ಬಂದು ಅದೇ ದಂಡೆಯನ್ನು ಅಗೆಯುವುದರಲ್ಲಿ ಪೋಲಾಗುವ ದುಡ್ಡೇ ಒಂದು ಸರಳ ದಾರಿಗೆ ಸಾಕಾಗಬಹುದು.

ಮುಂದೆ ಏನಾಗಬಹುದು?

ಗೆರೆ ಇದ್ದೂ ಜಾಗ ಪಡೆಯದಿದ್ದರೆ ಮೊದಲ ಐದು ವರ್ಷ ಏನೂ ಬದಲಾದಂತೆ ಕಾಣುವುದಿಲ್ಲ. ಆಮೇಲೆ ಹಳ್ಳದ ನಡುಭಾಗದಲ್ಲಿ ಒಂದು ಬಡಾವಣೆಗೆ ವಿನಾಯಿತಿ ಸಿಗುತ್ತದೆ. ಒಂದೇ. ಆದರೆ 8 ಕಿಲೋಮೀಟರ್ ದಾರಿಯ ಮಧ್ಯದಲ್ಲಿ 200 ಮೀಟರ್ ಕಳೆದರೆ ಉಳಿಯುವುದು ಒಂದಕ್ಕೊಂದು ಸೇರದ ಎರಡು ತುಂಡು ದಾರಿ. ಶಾಲೆಗೆ ಸೈಕಲ್ಲಿನಲ್ಲಿ ಹೋಗಬಹುದಾಗಿದ್ದ ಮಗು ಆ 200 ಮೀಟರಿಗಾಗಿ ಮುಖ್ಯರಸ್ತೆಗೆ ಇಳಿಯಬೇಕು. ಯಾವ ತಂದೆತಾಯಿ ಒಪ್ಪುತ್ತಾರೆ? ಆ ಮಗುವಿನ ಪಾಲಿಗೆ ಇಡೀ 8 ಕಿಲೋಮೀಟರೂ ಇಲ್ಲದಂತೆಯೇ. ದಾರಿಯ ಬೆಲೆ ಅದರ ಅತಿ ಕೆಟ್ಟ ಜಾಗ ಎಷ್ಟು ಕೆಟ್ಟದ್ದು ಎಂಬುದರ ಮೇಲೆ ನಿಂತಿದೆ. ಹೆದ್ದಾರಿ ದಾಟುವ ಕಡೆಯೂ ಇದೇ ಮಾತು.

ಜಾಗ ಪಡೆದು, ಏನೂ ಕಟ್ಟದೆ ಸುಮ್ನೆ ಬಿಟ್ಟರೂ ಪೂರ್ತಿ ನಷ್ಟವಿಲ್ಲ. ಬೇಲಿ ಹಾಕಿ, ಒತ್ತುವರಿ ಆಗದಂತೆ ಕಾಯ್ದು, ಮಣ್ಣಿನ ಕಾಲುದಾರಿ ಮಾಡಿದರೂ ಜನ ನಡೆಯುತ್ತಾರೆ. ಗಿಡ ಬೆಳೆಯುತ್ತಿರುತ್ತದೆ. ಗಾಲಿಕುರ್ಚಿ ಹೋಗುವಂಥ ಗಟ್ಟಿ ನೆಲ, ಇಬ್ಬರು ನಡೆಯುವಾಗ ಸೈಕಲ್ ದಾಟುವಂತೆ 3 ಮೀಟರ್ ಅಗಲ, ದೀಪ, ಶೌಚಾಲಯ, ಎಲ್ಲವನ್ನೂ ಹಂತ ಹಂತವಾಗಿ ಸೇರಿಸಬಹುದು.

ಹಾಗಾಗಿ ಯೋಜನೆಯ ಕರಡು ಸಾರ್ವಜನಿಕರ ಮುಂದೆ ಬಂದಾಗ ಮುಖಪುಟದ ಬಣ್ಣದ ಚಿತ್ರಗಳನ್ನು ದಾಟಿ ಹಿಂದಿನ ಕೋಷ್ಟಕಗಳಿಗೆ ಹೋಗಬೇಕು. ಗೆರೆಯ ಪ್ರತಿ ತುಂಡಿಗೂ ಜಾಗ ಈಗ ಯಾರ ಹೆಸರಿನಲ್ಲಿದೆ, ಯಾವ ವಿಧಾನದಿಂದ ಪಡೆಯುತ್ತಾರೆ, ಯಾವ ವರ್ಷದೊಳಗೆ ಎಂದು ಬರೆದಿದೆಯೇ ನೋಡಬೇಕು. ಅದರ ಪಕ್ಕದ ಕಾಲಂನಲ್ಲಿ ವಾರ್ಷಿಕ ನಿರ್ವಹಣೆಗೆ ಎಷ್ಟು, ಯಾವ ಖಾತೆಯಿಂದ ಎಂದು ಇರಬೇಕು. ಆ ಎರಡು ಕಾಲಂ ಖಾಲಿ ಇದ್ದರೆ ಆಕ್ಷೇಪಣೆ ಸಲ್ಲಿಸುವ ಗಡುವಿನೊಳಗೆ, ಸರ್ವೆ ನಂಬರ್ ಸಮೇತ, ಅದನ್ನೇ ಬರೆದು ಕೇಳಬೇಕು.